ಶಾಹೀನಳ ಪೆಟ್ಟಿಗೆಗೆ ಬಿದ್ದ ಕಣ್ಣು

ಶಾಹೀನ ಯಾರನ್ನೂ ನಂಬುವವಳಲ್ಲ. ಸವಣೂರಿನ ಕಾಲೇಜಿನಲ್ಲಿ ನಾವಿಬ್ಬರೂ ಭೌತಶಾಸ್ತ್ರ ಕಲಿಸುತ್ತೇವೆ. ಚಹಾದಂಗಡಿಯ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿಯೇ ಬಾಯಿಗಿಡುವ ಹೆಣ್ಣುಮಗಳು. ಅಂಥವಳ ಜೊತೆ ಸಂಶೋಧನಾ ಯೋಜನೆಯೊಂದಕ್ಕೆ ಡ್ರಿಫ್ಟ್ ಚೇಂಬರ್ ಕಟ್ಟಲು ಒಪ್ಪಿಕೊಂಡ ನನ್ನ ಹಣೆಬರಹಕ್ಕೆ ಏನನ್ನಲಿ!

ಅದೊಂದು ಪೆಟ್ಟಿಗೆ. ಒಳಗೆ ಕೂದಲಿಗಿಂತ ತೆಳ್ಳನೆಯ ತಂತಿಗಳು, ಸುತ್ತ ಅನಿಲ. ಆಕಾಶದಿಂದ ಬಂದ ಕಣ ಒಳಗೆ ಹಾದರೆ ಎಲೆಕ್ಟ್ರಾನುಗಳು ತಂತಿಯತ್ತ ಸರಿಯುತ್ತವೆ. ಅದಕ್ಕೆ ಹಿಡಿದ ಹೊತ್ತಿನಿಂದ ಕಣದ ದಾರಿ ತಿಳಿಯುತ್ತದೆ. ಕಾಲೇಜಿನಲ್ಲಿ ಧೂಳೆಂದು, ಅವಳ ಮನೆಯಲ್ಲಿ ಅಪ್ಪ ವೀಳ್ಯದೆಲೆ ಇಡುತ್ತಿದ್ದ ಕೋಣೆಯನ್ನು ತೊಳೆದು ಅಲ್ಲೇ ಕಟ್ಟುತ್ತಿದ್ದೆವು. ಗುರುವಾರ ತಂತಿ ಎಳೆಯುವುದು, ಶುಕ್ರವಾರ ಮುಚ್ಚಳ ಬಿಗಿದು ಪರೀಕ್ಷೆ. ಪ್ರತಿ ಸಲವೂ ತಂತಿಯಲ್ಲಿ ಸುಮ್ಮಸುಮ್ಮನೆ ವಿದ್ಯುತ್ ಸೋರುತ್ತಿತ್ತು. ಬೆರಳಿನ ಜಿಡ್ಡು ತಾಗಿದರೂ ಹಾಗಾಗುತ್ತದೆ. ಇನ್ನೊಮ್ಮೆ ಕೆಟ್ಟರೆ ಕೆಲಸ ಬೇರೆ ಊರಿನ ತಂಡಕ್ಕೆ ಎಂದು ಯೋಜನೆಯವರು ಹೇಳಿಬಿಟ್ಟರು.

"ಮಹಾಂತೇಶ ಸರ್, ಗ್ಲೌಸ್ ಹಾಕ್ಕೊಳ್ದ ಮುಟ್ಟೀರಿ ನೀವು."

"ದೇವರಾಣೆ ಮುಟ್ಟಿಲ್ರಿ!"

"ಹಂಗಾರ ತಂತಿ ತಾನಾ ಹೊಲಸಾತೇನ್ರಿ?"

ಮೈಯೆಲ್ಲ ಉರಿಯಿತು. ಮರುದಿನದಿಂದ ಬಾಗಿಲಿಗೆ ಅವಳ ಬೀಗ. ತನ್ನ ತಪ್ಪು ಮುಚ್ಚಲು ನನ್ನ ತಲೆಗೆ ಕಟ್ಟುತ್ತಿದ್ದಾಳೆಂದು ನನಗೂ ಗುಮಾನಿ ಹತ್ತಿತು. ಅವಳ ಕೈಯನ್ನು ನಾನು, ನನ್ನ ಕೈಯನ್ನು ಅವಳು ಕಾಯುತ್ತ ಕೂತೆವು.

ಕೊನೆಯ ಪರೀಕ್ಷೆಯ ಹಿಂದಿನ ದಿನ, ಗುರುವಾರ ಸಂಜೆ, ಮರೆತ ಹೆಲ್ಮೆಟ್ ಒಯ್ಯಲು ತಿರುಗಿ ಬಂದೆ. ಕೋಣೆಯ ಬೀಗ ತೆಗೆದಿತ್ತು. ಒಳಗೆಲ್ಲ ಲೋಬಾನದ ಹೊಗೆ! ಶಾಹೀನಳ ತಾಯಿ ರೋಶನಬಿ ಕೆಂಡದ ಬಟ್ಟಲನ್ನು ತೆರೆದ ಪೆಟ್ಟಿಗೆಯ ಸುತ್ತ ಆಡಿಸುತ್ತಿದ್ದರು. ಹೊಗೆ ಸೀದಾ ತಂತಿಗಳ ಮೇಲೆ ಕೂರುತ್ತಿತ್ತು.

"ಏನ್ ಮಾಡಾಕತ್ತೀರಿ ಅಮ್ಮಾ!"

"ಜುಮೇರಾತಿಗೆ, ಗುರುವಾರಕ್ಕೊಮ್ಮೆ ಹಾಕ್ತೇನಿ ತಮ್ಮಾ. ಯಾರದೋ ಕೆಟ್ಟ ಕಣ್ಣು ಬಿದ್ದೈತಿ ಇದಕ್ಕ."

"ಯಾರದ್ರಿ?"

ಮುದುಕಿ ಸೆರಗು ಎಳೆದುಕೊಂಡು ನೆಲ ನೋಡಿದರು. "ನಿಂದಽ ಅಂತ, ತಮ್ಮಾ. ನೀ ಹೋದ ಮ್ಯಾಲ ದಿನಾ ನಿನ್ನ ಹೆಸರು ಹೇಳಿ ಅಳ್ತಾಳ ನಮ್ಮ ಹುಡುಗಿ."

ಶಾಹೀನ ಬಾಗಿಲಲ್ಲೇ ನಿಂತಿದ್ದಳು. ಹೊಗೆ ನೋಡಿದಳು, ನನ್ನನ್ನು ನೋಡಿದಳು. ನನಗೆ ಬೈಯುವಷ್ಟು ಸಿಟ್ಟಿತ್ತು. ಆದರೆ ಅವಳ ಕಣ್ಣಲ್ಲಿ ನೀರು ಕಂಡು ಗ್ಲೌಸ್ ಹಾಕಿಕೊಂಡೆ.

ಉಳಿದ ತಂತಿಯ ಸುರುಳಿ ತೆಗೆದು, ಹೊಗೆ ತಾಗಿದ್ದನ್ನೆಲ್ಲ ಕತ್ತರಿಸಿ, ಮತ್ತೆ ಎಳೆಯಲು ಕೂತೆವು. ರೋಶನಬಿ ಬಟ್ಟಲು ಹಿಡಿದು ಅಂಗಳದಲ್ಲಿ ಕೂತರು.

ಶುಕ್ರವಾರ ಸೋರಿಕೆ ಇರಲಿಲ್ಲ. ಪರದೆಯ ಮೇಲೆ ಮೊದಲ ಕಣದ ಗೆರೆ ನೆಟ್ಟಗೆ ಮೂಡಿತು. ಶಾಹೀನ ಅದನ್ನು ಬಹಳ ಹೊತ್ತು ದಿಟ್ಟಿಸಿ, ತಗ್ಗಿದ ದನಿಯಲ್ಲಿ ಕೇಳಿದಳು:

"ಸರ್, ಇದು ಖರೇ ಐತೇನ್ರಿ? ನೀವೊಮ್ಮೆ ನೋಡಿ ಹೇಳ್ರಿ. ನೀವು ಹೇಳಿದ್ರ ನಂಬ್ತೇನಿ."