ಮೈಕ್ ಮಲ್ಲಪ್ಪನವರ ಮೌನಯಾತ್ರೆ

ಮಲಯಾಳ ಸೀಮೆಯ ಪಯ್ಯಂಪಳ್ಳಿಯ ಶಿವಮಲ್ಲಪ್ಪನವರಿಗೆ ದೇವರು ಎತ್ತರ ಕೊಡುವಾಗ ಕೈ ಬಿಗಿಹಿಡಿದಿದ್ದ. ಗಂಟಲು ಕೊಡುವಾಗ ಮಾತ್ರ ಧಾರಾಳವಾಗಿ ಸುರಿದುಬಿಟ್ಟಿದ್ದ. ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮೈಕಿನಲ್ಲಿ ಎರಡೂ. ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಕಸುಬು. ಹಾಗೆಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ ಮಾತ್ರ ಅವರಿಗೆ ಸಿಟ್ಟು. "ಸೆಟ್ಟು ಯಾರ ಹತ್ರಾನೂ ಉಂಟು. ನಾನು ಕೊಡೋದು ವಿಷಯ!"

ರಕ್ತದಾನ ಶಿಬಿರವಿರಲಿ, ತಂಡಕ್ಕೆ ಏಳೇ ಜನರ ಸೆವೆನ್ಸ್ ಫುಟ್‌ಬಾಲ್ ಇರಲಿ, ಜೀಪಿಗೆ ಮೈಕ್ ಕಟ್ಟಿಕೊಂಡು ಹೊರಟರೆಂದರೆ ಸುದ್ದಿ ಒದರಿ ಮುಂದೆ ಹೋಗುವವರಲ್ಲ. ಪ್ರತಿ ಚಹಾದಂಗಡಿಯ ಮುಂದೆಯೂ ಜೀಪು ನಿಧಾನವಾಗಬೇಕು. ಒಳಗಿದ್ದವರನ್ನು ಹೆಸರು ಹಿಡಿದು ಕರೆಯಬೇಕು. "ಬಾಲನ್ ಚೇಟ್ಟಾ, ತಟ್ಟೆಯ ಪುಟ್ಟು ಎಲ್ಲೂ ಓಡಿ ಹೋಗಲ್ಲ, ಭಾನುವಾರ ಮೈದಾನಕ್ಕೆ ಬನ್ನಿ!" ಊರೆಲ್ಲ ಕೇಳುವಂತೆ ಕರೆಸಿಕೊಂಡ ಮೇಲೆ ಬಾರದೆ ಇರುವುದಾದರೂ ಹೇಗೆ?

ಈ ವರ್ಷದ ಸೆವೆನ್ಸ್ ಫೈನಲ್ಲಿಗೆ ಮುಂಚೆ ಕ್ಲಬ್ಬಿನ ಸೆಕ್ರೆಟರಿ ಶಿಬು ತಲೆ ಕೆರೆದುಕೊಳ್ಳುತ್ತ ಬಂದ. "ಮಲ್ಲಪ್ಪೇಟ್ಟಾ, ಎಲ್ಲರ ಕೈಯಲ್ಲೂ ಫೋನಿದೆ. ವಾಟ್ಸ್ಆ್ಯಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಮುಗೀತು. ಇದೊಂದು ಸಲ ಜೀಪ್ ಕಳಿಸ್ತೇವೆ. ಜನ ಸೇರದಿದ್ರೆ ಮುಂದಿನ ವರ್ಷದಿಂದ ಬೇಡ, ಶರಿಯಲ್ಲೇ?"

ಮಲ್ಲಪ್ಪನವರು "ಶರಿ" ಎಂದರು. ಅಂದು ಊಟ ಸೇರಲಿಲ್ಲ.

ಅದೇ ವಾರ ಗುಡ್ಡದ ಮೇಲಿನ ರೆಸಾರ್ಟೊಂದರಲ್ಲಿ ವೆಬ್‌ಸೈಟ್ ಕಟ್ಟುವವರ ದೊಡ್ಡ ಸಮ್ಮೇಳನ. ಮೈಕ್ ಇವರದೇ. ವೇದಿಕೆಯ ಪಕ್ಕ ಕುರ್ಚಿ ಹಾಕಿಕೊಂಡು, ತಾವೇ ಅಧ್ಯಕ್ಷರೆಂಬಂತೆ ಕಾಲ ಮೇಲೆ ಕಾಲು ಹಾಕಿ ಕೂತರು. ಕೊಚ್ಚಿಯಿಂದ ಬಂದ ಆತಿರ ಎಂಬ ಹುಡುಗಿ ಪರದೆಯ ಮೇಲೆ ಬಾಣಗಳನ್ನು ಹಾರಿಸುತ್ತ ವಿವರಿಸಿದಳು. ಮೊದಲೆಲ್ಲ ಒಂದೇ ಸುದ್ದಿಯನ್ನು ವೆಬ್‌ಸೈಟಿಗೆ ಒಂದು ಸಲ, ಫೋನಿಗೆ ಇನ್ನೊಂದು ಸಲ, ಬಸ್ ನಿಲ್ದಾಣದ ಪರದೆಗೆ ಮತ್ತೊಂದು ಸಲ ಬರೆಯಬೇಕಿತ್ತು. ಈಗ ವಿಷಯವನ್ನು ಒಂದು ಕಡೆ ಒಮ್ಮೆ ಇಟ್ಟರೆ ಸಾಕು, ವ್ಯವಸ್ಥೆಯೇ ಅದನ್ನು ಎಲ್ಲ ಕಡೆಗೂ ಮುಟ್ಟಿಸುತ್ತದೆ.

ವಿಷಯ! ಮಲ್ಲಪ್ಪನವರ ಕಿವಿ ನಿಮಿರಿತು. ಮುಂದಿನ ಭಾಷಣ, ಎಲ್ಲ ಕಡೆಗೂ ಹೋಗುವ ವಿಷಯವನ್ನು ಅಲ್ಲಲ್ಲಿನ ಓದುಗರಿಗೆ ಒಗ್ಗಿಸುವುದು ಹೇಗೆ ಎಂಬುದರ ಬಗ್ಗೆ. ಅಷ್ಟರಲ್ಲಿ ಬಿರಿಯಾನಿಯ ಹಂಡೆ ತೆರೆದಿದ್ದರಿಂದ ಅದು ಅವರ ಕಿವಿಗೆ ಬೀಳಲಿಲ್ಲ.

ಚಹಾದ ಹೊತ್ತಿಗೆ ಆತಿರಳನ್ನು ಹಿಡಿದರು. "ಮೋಳೆ," ಎಂದರು ಮಗಳನ್ನು ಕರೆಯುವಂತೆ, "ಇದು ಜೀಪಿಗೂ ಆಗ್ತದಾ?"

ಅವಳು ನಕ್ಕಳು. "ಯಾಕಾಗಲ್ಲ ಅಂಕಲ್, ಯಾವುದಕ್ಕೂ ಆಗ್ತದೆ."

ಸಾಕು. ಮಾರನೆಯ ದಿನ ಅಡುಗೆಮನೆಯ ಬಾಗಿಲು ಮುಚ್ಚಿಸಿ, ಮಿಕ್ಸಿ ನಿಲ್ಲಿಸಿ, ಇಡೀ ಪ್ರಕಟಣೆಯನ್ನು ಗಂಭೀರ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಇಳಿಸಿದರು. ಹೆಂಡತಿ ಪುಟ್ಟಗೌರಮ್ಮ ಕೇಳಿದರು, "ಯಾಕ್ರೀ, ಗಂಟಲು ನೋವಾ?"

"ನಿಂಗೆ ಗೊತ್ತಾಗಲ್ಲ ಬಿಡು. ಇದು ವ್ಯವಸ್ಥೆ."

"ಬೇಳೆ ಸೀದ್ಹೋಯ್ತು, ಅದಕ್ಕೂ ಒಂದು ವ್ಯವಸ್ಥೆ ಮಾಡಿ."

ಶನಿವಾರ ಜೀಪು ಹೊರಟಿತು. ಸ್ಟಿಯರಿಂಗ್ ಹಿಡಿದವನು ಉಣ್ಣಿ. ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ, ಕೈಕಟ್ಟಿ, ಬಾಯಿ ಬಿಗಿದು ಮಲ್ಲಪ್ಪನವರು. ತಲೆಯ ಮೇಲೆ ಅವರದೇ ಧ್ವನಿ ಗುಡುಗುತ್ತಿತ್ತು. ಚಹಾದಂಗಡಿಯಲ್ಲಿ ಬಾಲನ್ ಪುಟ್ಟನ್ನು ಬಾಯಿಗೆ ಇಡದೆ ಕಾದ. ಜೀಪು ನಿಲ್ಲಲಿಲ್ಲ, ಹೆಸರೂ ಬರಲಿಲ್ಲ. ಮಲ್ಲಪ್ಪನವರು ಕತ್ತು ಹೊರಳಿಸದೆ, ಮಂತ್ರಿಗಳ ಹಾಗೆ ಒಂದು ಕೈ ಮಾತ್ರ ಎತ್ತಿದರು.

"ಬಾಯಿ ಆಡ್ತಿಲ್ಲ, ಕತ್ತು ತಿರುಗ್ತಿಲ್ಲ, ಒಂದೇ ಕೈ ಏಳ್ತಾ ಉಂಟು," ಎಂದು ಬಾಲನ್ ಪಕ್ಕದವರಿಗೆ ಹೇಳಿದ. ಜೀಪಿಗಿಂತ ಫೋನು ವೇಗ. ಅವರು ಕಾಟಿಕ್ಕುಳಂ ದಾಟುವ ಮೊದಲೇ, ಮಲ್ಲಪ್ಪನವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿದೆ, ಪಾಪ, ಹಳೆಯ ಧ್ವನಿ ಹಾಕಿಕೊಂಡು ಕಡೇ ಸಲ ಊರು ಸುತ್ತುತ್ತಿದ್ದಾರೆ ಎಂಬ ಸುದ್ದಿ ದಾರಿಯುದ್ದಕ್ಕೂ ಹಬ್ಬಿತ್ತು. ಜನ ಅಂಗಡಿಗಳಿಂದ ಎದ್ದು ನಿಂತು ಕೈಮುಗಿದರು. 'ವ್ಯವಸ್ಥೆ ಅಂದ್ರೆ ಇದು' ಎಂದುಕೊಂಡು ಮಲ್ಲಪ್ಪನವರು ಇನ್ನಷ್ಟು ಸೆಟೆದರು.

ಬೇಗೂರಿನ ಕಾಡು ಬಂತು. ಆನೆಗಳ ದಾರಿ, ಅಲ್ಲಿ ಮೈಕ್ ಕೂಡದು. ಪ್ರತಿವರ್ಷ ಅವರು ಗಿರಿಜನರ ಹಾಡಿಯ ಹತ್ತಿರ ಇಳಿದು ಮುದುಕಿ ಚಾತಿಯ ಜಗಲಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಬಾಯಲ್ಲೇ ಕರೆದು ಹೋಗುತ್ತಿದ್ದರು. ಚಾತಿಯ ಮೊಮ್ಮಗ ಕಣ್ಣನ್ ಕ್ಲಬ್ಬಿನ ತಂಡದಲ್ಲಿ ಗೋಲು ಕಾಯುವ ಗೋಲಿ. ಆದರೆ ವ್ಯವಸ್ಥೆಯಲ್ಲಿ ಜಗಲಿಗೆ ಜಾಗವಿರಲಿಲ್ಲ. "ನಿಲ್ಲಿಸ್ಬೇಡ, ಹೋಗು," ಎಂದರು ಉಣ್ಣಿಗೆ.

ನಿಲ್ಲಿಸಲೇಬೇಕಾಯಿತು. ಹಾಡಿಯ ಹೆಂಗಸರು ರಸ್ತೆಗೆ ಅಡ್ಡ ನಿಂತಿದ್ದರು. ಮುಂದೆ ಚಾತಿ, ಕೈಯಲ್ಲಿ ಅರೆದ ಬೇರಿನ ಹಸಿರು ಮುದ್ದೆ.

"ಅಯ್ಯೋ ಮಲ್ಲಪ್ಪಾ, ಎಂಥ ಗಂಟ್ಲು ಹಿಂಗಾಯ್ತಲ್ಲೋ!"

ಏನೆಂದು ಕೇಳಲು ಅವರು ಬಾಯಿ ತೆರೆದರು. ಮುದ್ದೆ ಒಳಗೆ ಹೋಯಿತು. ಚಾತಿ ದವಡೆ ಒತ್ತಿ ಹಿಡಿದಳು. ನಾಲಗೆಗೆ ಬೆಂಕಿ ಬಿದ್ದಂತಾಗಿ, ಎಂಥ ಮೈಕೂ ಕೊಡಲಾರದ ಕೂಗೊಂದು ಹೊರಟಿತು. ಬಿದಿರ ಮೆಳೆಯಿಂದ ಹಕ್ಕಿಗಳು ಎದ್ದವು.

"ಬಂತು, ಬಂತು!" ಹೆಂಗಸರು ಚಪ್ಪಾಳೆ ತಟ್ಟಿದರು.

"ಹೋಗೇ ಇರ್ಲಿಲ್ಲ ಕಣೇ ಮಾರಾಯ್ತಿ!" ಮಲ್ಲಪ್ಪನವರು ಉಗಿಯುತ್ತ ಚೀರಿದರು.

ಚಾತಿಯ ನಗು ನಿಂತಿತು. "ಮಾತು ಇತ್ತಾ? ಮತ್ತೆ ನನ್ನ ಬಾಗ್ಲು ದಾಟಿ ಮೂಗನ ಹಾಗೆ ಯಾಕೆ ಹೋದೆ?"

ಮಲ್ಲಪ್ಪನವರು ಕನ್ನಡಕ ತೆಗೆದು, ಜೀಪಿನಿಂದ ಇಳಿದು, ಜಗಲಿಗೆ ಹೋಗಿ ಕೂತರು. "ನಾಳೆ ಬಾ ಚಾತೀ. ಕಣ್ಣನ್ ಆಡ್ತಾನೆ," ಎಂದರು, ಸಣ್ಣ ಧ್ವನಿಯಲ್ಲಿ.

ಭಾನುವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಜನ ಆಟಕ್ಕೆ ಬಂದಿದ್ದರು, ಇನ್ನರ್ಧ ಮಲ್ಲಪ್ಪನವರಿಗೆ ಮಾತು ಮರಳಿತಂತೆ, ನೋಡೋಣ ಎಂದು ಬಂದಿದ್ದರು. ಶಿಬುವಿನ ಮುಖ ಅರಳಿತ್ತು.

"ಮಲ್ಲಪ್ಪೇಟ್ಟಾ, ಮುಂದಿನ ವರ್ಷಾನೂ ಜೀಪ್ ಗ್ಯಾರಂಟಿ! ಆದರೆ ನೀವು ಮಾತಾಡೋದು ಬೇಡ. ನಿನ್ನೆ ಥರಾನೇ ಸುಮ್ನೆ ಕೂತ್ರೆ ಸಾಕು."

ಮಲ್ಲಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮೈಕ್ ಎತ್ತಿಕೊಂಡರು.

"ಬಹುಮಾನ್ಯ ಸೆಕ್ರೆಟರಿ ಶಿಬು ಅವರೇ, ಎಲ್ಲಿದ್ದರೂ ಓಡಿ ಬನ್ನಿ! ನಮ್ಮ ಗೋಲಿಯ ಅಜ್ಜಿ ಚಾತಿ ನಿಂತೇ ಇದ್ದಾರೆ. ಕುರ್ಚಿ ತನ್ನಿ!"

ಮೈದಾನವೆಲ್ಲ ತಿರುಗಿ ನೋಡಿತು. ಪಕ್ಕದಲ್ಲೇ ನಿಂತಿದ್ದ ಶಿಬು ಕುರ್ಚಿ ತರಲು ಓಡಿದ.