ಕಾಕಾ ಹಾಕದ ನಾಲ್ಕನೇ ಗೇರು

ವೇಗದ ಕಾರುಗಳೆಂದರೆ ನನಗೆ ಹುಚ್ಚು. ನಿನ್ನೆ ಕಾರ್ ಮ್ಯೂಸಿಯಂಗೆ ಹೋಗಿದ್ದೆ. ಹಗ್ಗದಾಚೆ ನಿಂತಿದ್ದ ಕೆಂಪು ಕಾರಿನಿಂದ ಹಳೇ ಸೀಟಿನ ವಾಸನೆ ಬಂತು. ನಮ್ಮೂರು ವಾಡಿಯ ಕಾಕಾ ನೆನಪಾದ.

ಕಾಕಾನ ಹತ್ತಿರ ಇಂಥದ್ದೇ ಕೆಂಪು ಕಾರಿತ್ತು. ಊರ ತುಂಬ ಫ್ಯಾಕ್ಟರಿಯ ಸಿಮೆಂಟಿನ ಧೂಳು. ಒದ್ದೆ ಬಟ್ಟೆ ತಾಗಿಸಿದರೆ ಧೂಳು ಕಾರಿನ ಬಣ್ಣದ ಮೇಲೆಯೇ ಗಟ್ಟಿಯಾಗಿ ಕೂಡುತ್ತಿತ್ತು. ಅದಕ್ಕೇ ಕಾಕಾ ದಿನಾ ಮುಂಜಾನೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು ಧೂಳು ಹಾರಿಸುತ್ತಿದ್ದ. ಆಮೇಲೆ ನನ್ನನ್ನು ಕೂಡಿಸಿಕೊಂಡು ರಾವೂರಿನ ತನಕ ಹೋಗುತ್ತಿದ್ದ. ಮುಂದೆ ಬರೀ ಗಣಿಯಿಂದ ಶಹಾಬಾದ ಕಲ್ಲು ಹೊತ್ತ ಲಾರಿಗಳು, ಕೆಳಗೆ ಬರೀ ತಗ್ಗು.

"ಕಾಕಾ, ಜೋರ್ ಹೊಡಿ!"

"ತಡಿಯವ್ವಾ, ರೋಡ್ ಮಾಡ್ಲಿಕತ್ತಾರ. ಆದಕೂಡ್ಲೆ ನಾಕನೇ ಗೇರ್ ಹಾಕಿ ತೋರಿಸ್ತೀನಿ," ಅಂತಿದ್ದ.

ರೋಡ್ ಆಗಲಿಲ್ಲ. ಕಾಕಾ ತೀರಿಕೊಂಡ, ಕಾರು ಗುಜರಿಗೆ ಹೋಯಿತು. ಹೋದ ತಿಂಗಳು ಊರಿಗೆ ಹೋದಾಗಲೂ ಅವೇ ತಗ್ಗುಗಳು, ಅವೇ ಲಾರಿಗಳು. ಇನ್ನು ಆ ರೋಡ್ ಆಗುತ್ತದೆ ಅನ್ನುವ ಆಸೆ ನನಗಿಲ್ಲ.

ಮ್ಯೂಸಿಯಂನಲ್ಲಿ ತಲೆ ತಗ್ಗಿಸಿ ನೋಡಿದೆ. ಕಾಲಡಿಯ ನೆಲ ನಮ್ಮ ಶಹಾಬಾದ ಕಲ್ಲಿನದು. ಒಂದು ತಗ್ಗಿಲ್ಲ, ಒಂದು ಬಿರುಕಿಲ್ಲ. ನಮ್ಮ ರಸ್ತೆಗೆ ತಗ್ಗು ಬೀಳಿಸುತ್ತ ಲಾರಿಗಳು ಹೊತ್ತೊಯ್ದ ಕಲ್ಲನ್ನು ಇಲ್ಲಿ, ಇನ್ನೆಂದೂ ಓಡದ ಕಾರಿನ ಕೆಳಗೆ ಹಾಸಿದ್ದಾರೆ.