ಬ್ಯಾನಿ ಅಲ್ಲ, ಬ್ಯಾಸರಕಿ

ಇವತ್ತು ಮಾಡಿದ ಕೆಲಸಗಳು: ಎಡಗೈಯಿಂದ ಅಂಗಳ ಗುಡಿಸಿದೆ. ನಳದ ನೀರನ್ನು ಕೊಡದ ಬದಲು ಚೊಂಬು ಚೊಂಬಾಗಿ ಒಳಗೆ ತಂದೆ. ತೊಗರಿಬೇಳೆ ಆರಿಸಿದೆ. ಇವರ ಅಂಗಿ ಹಿಂಡಲಾಗದೆ ನೀರು ಸೋರುತ್ತಿದ್ದಂತೆಯೇ ತಂತಿಗೆ ಹಾಕಿದೆ. ತಲೆ ಬಾಚಿಕೊಳ್ಳಲಿಲ್ಲ. ತಂಗಿಗೆ ಫೋನ್ ಮಾಡಲಿಲ್ಲ. ಇದನ್ನೂ ಕೆಲಸವೆಂದೇ ಬರೆಯುತ್ತೇನೆ. ಬೆಳಿಗ್ಗೆ ಅವಳಿಗೆ ಫೋನ್ ಮಾಡದ ದಿನ ನನಗೆ ನೆನಪಿಲ್ಲ.

ಬಲ ಭುಜದ ನೋವು ದೀಪಾವಳಿಯಿಂದ ಇದೆ. ಬೀದರಿನ ಡಾಕ್ಟರಮ್ಮ ಕೈ ಎತ್ತಿಸಿ, ಇಳಿಸಿ ನೋಡಿ, "ಮನ್ಯಾಗ ಏನರ ಚಿಂತಿ ಅದ ಏನ್ರಿ?" ಎಂದು ಕೇಳಿದ್ದರು. ಆಗ ನಾನೂ ನನ್ನ ಗಂಡನೂ ಮಾತು ಬಿಟ್ಟು ತಿಂಗಳಾಗಿತ್ತು. ಡಾಕ್ಟರಮ್ಮನೇ ಮುಂದೆ ಹೇಳಿದರು: "ಬ್ಯಾನಿ ಖರೇನೇ ಅದರಿ. ಒಲ್ಯಾಗ ಬೆಂಕಿ ಇದ್ದೇ ಅದ. ಚಿಂತಿ ಅಂದ್ರ ಊದಗೊಳವಿ ಇದ್ದಂಗ."

ಇದನ್ನು ನಾನು ಹೇಳಿದ್ದು ಭಾಲ್ಕಿಯಲ್ಲಿರುವ ತಂಗಿಗೆ ಮಾತ್ರ, ಮಾತು ಬಿಟ್ಟ ಸಂಗತಿಯನ್ನೂ ಸೇರಿಸಿ. "ಯಾರ ಮುಂದೂ ಅನಬ್ಯಾಡ ನೋಡು" ಎಂದಿದ್ದೆ. "ನಾ ಯಾಕ ಅನಲಿ ಅಕ್ಕಾ, ನನಗೇನ್ ಬ್ಯಾರೆ ಕೆಲಸಿಲ್ಲೇನು" ಎಂದಿದ್ದಳು.

ನಿನ್ನೆ ಅವಳ ಮನೆಯಲ್ಲಿ ಮಗಳ ನಿಶ್ಚಯಕ್ಕೆಂದು ಖಡಕ್ ರೊಟ್ಟಿ ಮಾಡುವುದಿತ್ತು. ನಮ್ಮ ತವರಿನ ಪದ್ಧತಿಯಲ್ಲಿ ಮೊದಲ ರೊಟ್ಟಿಯನ್ನು ಹುಡುಗಿಯ ದೊಡ್ಡಮ್ಮ ಬಡಿಯಬೇಕು. ಸೀರೆ ಆರಿಸಲು ಔರಾದದಿಂದ ಬಂದಿದ್ದ ಬೀಗಿತ್ತಿ ಮತ್ತು ಅವರ ಮನೆಯ ಹೆಂಗಸರೂ ಒಲೆಯ ಸುತ್ತ ಕುಳಿತಿದ್ದರು.

"ಮೊದಲಿನದು ಒಂದು ಬಡೀತೇನಿ, ಉಳಿದದ್ದು ನೀವೇ ನೋಡ್ಕೋರಿ. ಕೈ ಏಳವಲ್ದು" ಎಂದೆ.

ತಂಗಿ ನಗುತ್ತ ಬೀಗಿತ್ತಿಯ ಕಡೆ ತಿರುಗಿದಳು. "ನಮ್ಮ ಅಕ್ಕಂದು ಬ್ಯಾನಿ ಅಲ್ರಿ, ಬ್ಯಾಸರಕಿ. ಡಾಕ್ಟರೇ ಹೇಳ್ಯಾರ. ಭಾವ ಮಾತಾಡಿದ್ರ ಕೈ ಏಳ್ತದ, ಮಾತು ಬಿಟ್ರ ಬೀಳ್ತದ."

"ಯವ್ವಾ, ಹಂಗಾದ್ರ ನಮ್ಮ ಅತ್ತಿ ಮೊಣಕಾಲೂ ಬ್ಯಾಸರಕಿನೇ ಇರಬೇಕ್ರಿ!" ಎಂದು ಬೀಗಿತ್ತಿ ಹಣೆ ಬಡಿದುಕೊಂಡರು. ಎಲ್ಲರೂ ನಕ್ಕರು.

ಬೇಸರಕ್ಕೂ ಬ್ಯಾಸರಕಿ ಎನ್ನುತ್ತೇವೆ, ಕೆಲಸಗಳ್ಳತನಕ್ಕೂ ಅದೇ ಮಾತು. ಅವಳು ಯಾವುದನ್ನು ಹೇಳಿದಳೆಂದು ನನಗೆ ತಿಳಿಯಿತು. ಹಿಟ್ಟಿನ ಪರಾತ ಎಳೆದುಕೊಂಡು ಬಡಿಯತೊಡಗಿದೆ. ಒಂದಲ್ಲ, ಮೂವತ್ತು ರೊಟ್ಟಿ. ಸಿಟ್ಟಿನಲ್ಲಿ ಭುಜ ನನ್ನದೇ ಅಲ್ಲವೆಂಬಂತಿತ್ತು, ನೋವು ಎಲ್ಲಿ ಹೋಗಿತ್ತೋ. ಅದೇ ನಾನು ಮಾಡಿದ ತಪ್ಪು.

"ನೋಡ್ರಿ, ಹೋಯ್ತಿಲ್ಲ ಬ್ಯಾನಿ?" ಎಂದಳು ತಂಗಿ. ಆ ಗಳಿಗೆಗೆ ಅದು ಸುಳ್ಳೂ ಆಗಿರಲಿಲ್ಲ.

ವಾಪಸು ಬರುವಾಗ ಬೀದರ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಲು ಕೈ ಎತ್ತಿದಾಗ ನೋವು ಬಂತು, ಮೂವತ್ತು ರೊಟ್ಟಿಯದ್ದೂ ಒಟ್ಟಿಗೇ. ನಮ್ಮ ನೌಬಾದದಲ್ಲಿ ಇಳಿಯುವಾಗ ಕಂಬಿ ಹಿಡಿಯಲಾಗಲಿಲ್ಲ. ಕಂಡಕ್ಟರ್ ಚೀಲ ಇಳಿಸಿಕೊಟ್ಟು, "ಕೈಗಿ ಏನಾಗ್ಯಾದ್ರಿ?" ಎಂದ. "ಬ್ಯಾನಿ ಅದಪ್ಪ" ಎಂದೆ. ಎರಡನೇ ಮಾತಿಲ್ಲದೆ ನಂಬಿದ.

ಇವತ್ತು ಸಂಜೆ ಅವಳೇ ಫೋನ್ ಮಾಡಿದಳು. ಹೆಸರು ಕಂಡದ್ದೇ ತಡ, ಎತ್ತುವ ಮೊದಲೇ ಭುಜ ಬಿಗಿದುಕೊಂಡಿತು.

"ಸಿಟ್ಟಾಗೀ ಏನು ಅಕ್ಕಾ? ನಗಚಾಟಿಗಿ ಅಂದೆ. ಕೈ ಹ್ಯಾಂಗದ?"

"ಛಲೋ ಅದ."

"ನೋಡು, ನಾ ಹೇಳಿಲ್ಲೇನು!"

ಕೈ ಹೇಗಿದೆ ಎಂಬುದನ್ನು ಇನ್ನು ಅವಳಿಗೆ ಹೇಳುವುದಿಲ್ಲ. ಬೇರೆ ಯಾರಿಗೆ ಹೇಳಬೇಕೋ ಗೊತ್ತಿಲ್ಲ.

ಊಟಕ್ಕೆ ಪುಂಡಿಪಲ್ಯ, ಬೇಳೆ, ತಂಗಿ ಕಟ್ಟಿಕೊಟ್ಟಿದ್ದ, ನಾನೇ ಬಡಿದ ರೊಟ್ಟಿ. ಇವರು ಏನೂ ಕೇಳದೆ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದರು. ನಮ್ಮಿಬ್ಬರ ಆಗಿನ ಮುನಿಸಿನ ಸುದ್ದಿ ಔರಾದದವರೆಗೂ ಹೋಗಿದೆ, ಬಾಯಿಬಿಟ್ಟವಳು ಮೊದಲು ನಾನೇ ಎಂದು ಅವರಿಗೆ ಹೇಳಲಾಗಲಿಲ್ಲ. ಅವರೇ ಮೊದಲು ಮಲಗಿದರು.